ಕಪ್ಪು ಕುಪ್ಯ ಬೂದಿ ಬಣ್ಣಕ್ಕೆ ತಿರುಗುವ ಮೊದಲು ಟಿವಿ, ಮಾನಿಟರ್‌ನ ಕಲರ್ ರೇಂಜ್ ನೋಡಿಕೊಳ್ಳಿ

ದಕ್ಷಿಣ ಕೊಡಗಿನ ಒಂದು ಮದುವೆಯ ಆಲ್ಬಂ ಪ್ರಿಂಟ್ ಆಗಿ ಬಂದಾಗ ನೆಂಟರು ತೊಟ್ಟಿದ್ದ ಕಪ್ಪು ಕುಪ್ಯಗಳೆಲ್ಲ (ಕೊಡವ ಗಂಡಸರ ನಿಲುವಂಗಿ) ಬೂದಿ ಬಣ್ಣವಾಗಿದ್ದವು. ಮದುಮಗನ ಬಿಳಿ ಕುಪ್ಯ ಮಾಸಲಾಗಿತ್ತು. ಸ್ಟುಡಿಯೊದವರು ಪ್ರಿಂಟ್ ಹಾಕಿದ ಲ್ಯಾಬನ್ನು ದೂರಿದರು, ಲ್ಯಾಬ್‌ನವರು ಫೈಲೇ ಹೀಗಿದೆ ಎಂದರು. ಲ್ಯಾಬ್‌ನವರ ಮಾತೇ ನಿಜ. ಹಳೆಯ ಮಾನಿಟರ್ ತೆಗೆದು ಎಡಿಟಿಂಗಿಗೆ ದೊಡ್ಡ ಟಿವಿ ಇಟ್ಟುಕೊಂಡಿದ್ದರು. ಎಚ್‌ಡಿಎಂಐ ಕೇಬಲ್ ಚುಚ್ಚಿದ ಕೂಡಲೇ ಚಿತ್ರ ಬಂತು, ಹಾಗಾಗಿ ಸೆಟ್ಟಿಂಗ್ ಕಡೆ ಯಾರೂ ನೋಡಲಿಲ್ಲ. ಆ ಟಿವಿಯಲ್ಲಿ ಕುಪ್ಯದ ಮಡಿಕೆಗಳೆಲ್ಲ ಒಂದೇ ಕಪ್ಪು ಮುದ್ದೆಯಾಗಿ ಕಂಡದ್ದರಿಂದ ಪ್ರತಿ ಫೋಟೋದಲ್ಲೂ ಶ್ಯಾಡೋ (ಕಪ್ಪು ಭಾಗ) ಎತ್ತಿದರು, ಹೈಲೈಟ್ (ಬೆಳಕಿನ ಭಾಗ) ಇಳಿಸಿದರು. ಪರದೆಯ ಮೇಲೆ ಎಲ್ಲ ಸರಿಯಾಯಿತು, ಫೈಲ್ ಒಳಗೆ ಎಲ್ಲ ಕೆಟ್ಟಿತು. ಮದುವೆ ಇನ್ನೊಮ್ಮೆ ನಡೆಯುವುದಿಲ್ಲ. ಅದಕ್ಕೇ ಇದನ್ನು ಇಷ್ಟು ವಿವರವಾಗಿ ಬರೆಯಬೇಕಾಗಿದೆ.

ಇಲ್ಲಿ ಕೆಟ್ಟದ್ದು ಪ್ಯಾನೆಲ್ ಅಲ್ಲ, ಕೇಬಲ್ ಅಲ್ಲ, ಮಳೆಗಾಲದ ತೇವವೂ ಅಲ್ಲ. ಕಂಪ್ಯೂಟರ್ ಕಳಿಸಿದ ರೇಂಜ್ ಒಂದು, ಟಿವಿ ಓದಿಕೊಂಡ ರೇಂಜ್ ಇನ್ನೊಂದು.

8 ಬಿಟ್ ಚಿತ್ರದಲ್ಲಿ ಪ್ರತಿ ಬಣ್ಣಕ್ಕೂ 0ಯಿಂದ 255ರವರೆಗೆ ಅಂಕಿಗಳಿವೆ. ಕಂಪ್ಯೂಟರ್ ಲೆಕ್ಕದಲ್ಲಿ 0 ಅಂದರೆ ಕಡುಕಪ್ಪು, 255 ಅಂದರೆ ಶುದ್ಧ ಬಿಳಿ. ಇದು ಫುಲ್ ರೇಂಜ್. ಟಿವಿ ಲೆಕ್ಕದಲ್ಲಿ ಕಪ್ಪು 16ಕ್ಕೆ ಶುರುವಾಗಿ ಬಿಳಿ 235ಕ್ಕೆ ಮುಗಿಯುತ್ತದೆ. ಇದು ಲಿಮಿಟೆಡ್ ರೇಂಜ್. 1982ರಲ್ಲಿ ಬಂದ ಡಿಜಿಟಲ್ ವಿಡಿಯೊ ಮಾನದಂಡ ರೆಕ್ 601ರಲ್ಲೇ ಈ ಅಂಕಿಗಳಿವೆ. ಅನಲಾಗ್ ಸಿಗ್ನಲ್ ಸ್ವಲ್ಪ ಮೇಲೆ ಕೆಳಗೆ ಜಿಗಿದರೂ ಕತ್ತರಿಸಿ ಹೋಗದಿರಲಿ ಎಂದು ಎರಡೂ ತುದಿಯಲ್ಲಿ ಜಾಗ ಬಿಟ್ಟಿದ್ದರು. ಡಿಟಿಎಚ್, ಬ್ಲೂ-ರೇ, ಓಟಿಟಿ ಎಲ್ಲವೂ ಇಂದಿಗೂ ಇದೇ ಲೆಕ್ಕದಲ್ಲಿ ನಡೆಯುತ್ತವೆ. 10 ಬಿಟ್‌ನಲ್ಲಿ ಇದೇ ಅಂಕಿಗಳು 64 ಮತ್ತು 940 ಆಗುತ್ತವೆ, ಎಚ್‌ಡಿಆರ್ ಹಾಕಿದರೂ ತಕರಾರು ಅದೇ. ಫುಲ್ ಅಂದರೆ ಮೇಲು, ಲಿಮಿಟೆಡ್ ಅಂದರೆ ಕಳಪೆ ಎಂದು ಅಂಗಡಿಯಲ್ಲಿ ಯಾರಾದರೂ ಹೇಳಿದರೆ ನಂಬಬೇಡಿ. ಕಳಿಸುವ ಕಡೆಯೂ ಓದುವ ಕಡೆಯೂ ಒಂದೇ ಆಗಿರಬೇಕು, ಅಷ್ಟೇ.

ತಪ್ಪು ಎರಡು ಬಗೆ. ಕಂಪ್ಯೂಟರ್ ಫುಲ್ ಕಳಿಸಿ ಟಿವಿ ಲಿಮಿಟೆಡ್ ಎಂದು ಓದಿದರೆ 16ರ ಕೆಳಗಿನದೆಲ್ಲ ಒಂದೇ ಕಪ್ಪು, 235ರ ಮೇಲಿನದೆಲ್ಲ ಒಂದೇ ಬಿಳಿ. ಕಪ್ಪು ಕುಪ್ಯದ ನೆರಿಗೆ ಮಾಯ, ಬಿಳಿ ಕುಪ್ಯದ ಹೊಲಿಗೆಯೂ ಮಾಯ. ಕೊಡವ ಮದುವೆಯ ಫೋಟೋದಲ್ಲಿ ಈ ಎರಡು ತುದಿಗಳೂ ಒಂದೇ ಚೌಕಟ್ಟಿನಲ್ಲಿ ಅಕ್ಕಪಕ್ಕ ನಿಂತಿರುತ್ತವೆ, ಆದ್ದರಿಂದ ನಮ್ಮಲ್ಲಿ ಈ ತಪ್ಪಿನ ಪೆಟ್ಟು ಹೆಚ್ಚು. ಇನ್ನೊಂದು ಬಗೆ ಇದರ ತಿರುಗುಮುರುಗು. ಕಂಪ್ಯೂಟರ್ ಲಿಮಿಟೆಡ್ ಕಳಿಸುತ್ತದೆ, ಮಾನಿಟರ್ ಫುಲ್ ಎಂದು ಓದುತ್ತದೆ. ಆಗ ಕಪ್ಪು ಎಂದೂ ಕಪ್ಪಾಗುವುದಿಲ್ಲ, ಇಡೀ ಚಿತ್ರ ಜುಲೈ ತಿಂಗಳ ಮಡಿಕೇರಿಯ ರಾಜಾಸೀಟಿನ ಹಾಗೆ ಮಂಜು ಮುಸುಕಿಕೊಂಡಿರುತ್ತದೆ. ಗ್ಯಾಮಾ (ಅಂಕಿಯನ್ನು ಪರದೆ ಬೆಳಕಾಗಿಸುವ ಸೂತ್ರ) 2.2 ಎಂದು ಲೆಕ್ಕ ಹಾಕಿದರೆ ಬಿಳಿಯ ಬೆಳಕು ಸುಮಾರು ಶೇ. 84ಕ್ಕೆ ಇಳಿಯುತ್ತದೆ. 1000:1 ಕಾಂಟ್ರಾಸ್ಟ್ ಇರುವ ಮಾನಿಟರ್ 250:1ರ ಆಸುಪಾಸಿಗೆ ಬಂದು ನಿಲ್ಲುತ್ತದೆ. ದುಡ್ಡು ಕೊಟ್ಟು ತಂದ ಪ್ಯಾನೆಲ್‌ನ ಮುಕ್ಕಾಲು ಕಾಂಟ್ರಾಸ್ಟ್ ಒಂದು ಮೆನು ಐಟಂನಿಂದ ಹೋಯಿತು ಅಂದ ಹಾಗೆ.

ಎಡಿಟ್ ಮಾಡುವವರು ಇನ್ನೊಂದನ್ನೂ ನೆನಪಿಡಬೇಕು. ಪರದೆ ಒಂದು ಕಡೆಗೆ ಸುಳ್ಳು ಹೇಳಿದರೆ ಪ್ರಿಂಟ್ ಅದರ ವಿರುದ್ಧ ದಿಕ್ಕಿಗೆ ಕೆಡುತ್ತದೆ. ಪರದೆಯಲ್ಲಿ ಕಪ್ಪು ಮುದ್ದೆಯಾಗಿ ಕಂಡರೆ ನೀವು ಎತ್ತುತ್ತೀರಿ, ಪ್ರಿಂಟ್ ಬೂದಿಯಾಗುತ್ತದೆ. ಪರದೆ ಮಂಜಾಗಿ ಕಂಡರೆ ಕಾಂಟ್ರಾಸ್ಟ್ ತುಂಬುತ್ತೀರಿ, ಪ್ರಿಂಟ್‌ನಲ್ಲಿ ಕುಪ್ಯ ಇದ್ದಿಲಾಗುತ್ತದೆ.

ಹೊಸ ಮಾನಿಟರ್‌ನಲ್ಲೂ ಇದು ಏಕೆ ಆಗುತ್ತದೆ? ಎಚ್‌ಡಿಎಂಐ ಅನುಸರಿಸುವ ಸಿಇಎ-861 ನಿಯಮದ ಪ್ರಕಾರ 720ಪಿ, 1080ಪಿ, 2160ಪಿಯಂಥ ಟಿವಿ ಅಳತೆಗಳಿಗೆ ಆರ್‌ಜಿಬಿ (ಕೆಂಪು, ಹಸಿರು, ನೀಲಿ ಅಂಕಿಗಳಾಗಿ ಕಳಿಸುವ ಚಿತ್ರ) ಡೀಫಾಲ್ಟ್ ಲಿಮಿಟೆಡ್. 1366x768, 1920x1200, 2560x1440ರಂಥ ಕಂಪ್ಯೂಟರ್ ಅಳತೆಗಳಿಗೆ ಫುಲ್. ಹೀಗಾಗಿ ನಿಮ್ಮ 1920x1080 ಮಾನಿಟರ್ ಎಚ್‌ಡಿಎಂಐನಲ್ಲಿ ಬಂದರೆ ಗ್ರಾಫಿಕ್ಸ್ ಕಾರ್ಡ್ ಅದನ್ನು ಟಿವಿ ಎಂದುಕೊಳ್ಳುವ ಸಾಧ್ಯತೆ ಉಂಟು. ಅದೇ ಮಾನಿಟರನ್ನು ಡಿಸ್‌ಪ್ಲೇಪೋರ್ಟ್‌ನಲ್ಲಿ ಹಾಕಿದರೆ ಸಾಮಾನ್ಯವಾಗಿ ಈ ತಕರಾರು ಬರುವುದಿಲ್ಲ. ಆ ಪೋರ್ಟ್ ಇದ್ದರೆ ಅದನ್ನೇ ಬಳಸಿ. ದುಬಾರಿ ಎಚ್‌ಡಿಎಂಐ ಕೇಬಲ್ ಕೊಳ್ಳುವುದರಿಂದ ಏನೂ ಆಗದು, ಕೇಬಲ್‌ಗೆ ರೇಂಜ್ ಬದಲಿಸುವ ಶಕ್ತಿಯಿಲ್ಲ.

ಈಗ ಪರೀಕ್ಷೆ. ಮೊದಲು ಟಿವಿಯ ಡೈನಾಮಿಕ್ ಕಾಂಟ್ರಾಸ್ಟ್, ಕಾಂಟ್ರಾಸ್ಟ್ ಎನ್‌ಹ್ಯಾನ್ಸರ್, ಇಕೋ ಸೆನ್ಸರ್ ಎಲ್ಲ ಆಫ್ ಮಾಡಿ. ವಿಂಡೋಸ್ ಪೇಂಟ್‌ನಲ್ಲಿ ಎಡಿಟ್ ಕಲರ್ಸ್ ತೆರೆದು ರೆಡ್, ಗ್ರೀನ್, ಬ್ಲೂ ಮೂರಕ್ಕೂ ಒಂದೇ ಅಂಕಿ ಕೊಡುತ್ತ ಹೋಗಿ. 0ಯ ಹಿನ್ನೆಲೆ ತುಂಬಿ ಅದರ ಮೇಲೆ 4, 8, 12, 16, 20, 24ರ ಆರು ಚೌಕ. ಇನ್ನೊಂದು ಚಿತ್ರದಲ್ಲಿ 255ರ ಹಿನ್ನೆಲೆ, ಮೇಲೆ 251, 247, 243, 239, 235, 231. ಪಿಎನ್‌ಜಿಯಾಗಿ ಉಳಿಸಿ. ಜೆಪಿಇಜಿ ಮಾಡಿದರೆ ಒತ್ತುವಾಗ ಅಂಕಿಗಳು ಅಲುಗುತ್ತವೆ. ಕೋಣೆ ಕತ್ತಲೆ ಮಾಡಿ ಫುಲ್ ಸ್ಕ್ರೀನ್‌ನಲ್ಲಿ ನೋಡಿ. 16ರವರೆಗಿನ ನಾಲ್ಕು ಚೌಕ ಕಾಣದೆ 20 ಮತ್ತು 24 ಮಾತ್ರ ಮಸುಕಾಗಿ ಕಂಡು, ಬಿಳಿಯಲ್ಲಿ 231 ಒಂದೇ ಉಳಿದರೆ ನಿಮ್ಮದು ಮೊದಲ ಬಗೆಯ ತಪ್ಪು. ಎಲ್ಲ ಚೌಕಗಳೂ ಕಂಡು ಹಿನ್ನೆಲೆ ಮಾತ್ರ ಬೂದಿಯಾಗಿದ್ದರೆ ಎರಡನೆಯದು ಇರಬಹುದು. ಅನುಮಾನವಾದರೆ ಟಿವಿಯ ಬ್ಲ್ಯಾಕ್ ಲೆವೆಲ್ ಅಥವಾ ರೇಂಜನ್ನು ಒಮ್ಮೆ ಬದಲಿಸಿ ನೋಡಿ. ಯಾವ ಸೆಟ್ಟಿಂಗ್‌ನಲ್ಲಿ ಹಿನ್ನೆಲೆ ಅತಿ ಕಪ್ಪಾಗಿಯೂ ಇದ್ದು 8ರ ಚೌಕ ಇನ್ನೂ ಕಾಣುತ್ತದೋ ಅದೇ ಸರಿ. 4ರ ಚೌಕ ಕಾಣದಿದ್ದರೆ ಗಾಬರಿ ಬೇಡ, ಸಾಧಾರಣ ಪ್ಯಾನೆಲ್‌ಗಳಲ್ಲಿ ಅದು ಅಡಗುವುದುಂಟು.

ಸ್ಕ್ರೀನ್‌ಶಾಟ್ ತೆಗೆದು ವಾಟ್ಸ್ಆ್ಯಪ್‌ನಲ್ಲಿ ಟೆಕ್ನಿಶಿಯನ್‌ಗೆ ಕಳಿಸಿ ಪ್ರಯೋಜನವಿಲ್ಲ. ರೇಂಜ್ ಬದಲಾಗುವುದು ಗ್ರಾಫಿಕ್ಸ್ ಕಾರ್ಡಿನ ಹೊರಬಾಗಿಲಿನಲ್ಲಿ. ಸ್ಕ್ರೀನ್‌ಶಾಟ್ ಅದಕ್ಕಿಂತ ಮೊದಲೇ ತೆಗೆದದ್ದು, ಆದ್ದರಿಂದ ಅವರ ಫೋನಿನಲ್ಲಿ ಚೆನ್ನಾಗಿಯೇ ಕಾಣುತ್ತದೆ. "ಚಿತ್ರ ಸರಿಯಿದೆ, ಪ್ಯಾನೆಲ್ ಹೋಗಿದೆ" ಎಂಬ ತೀರ್ಮಾನಕ್ಕೆ ಬರುವುದು ಇಲ್ಲಿಂದಲೇ, ಮೈಸೂರಿನವರೆಗೆ ಸೆಟ್ ಹೊತ್ತುಕೊಂಡು ಹೋಗುವಂತಾಗುವುದೂ ಇಲ್ಲಿಂದಲೇ.

ಸರಿಪಡಿಸುವುದು ಹೀಗೆ. ಎನ್‌ವಿಡಿಯಾ ಕಾರ್ಡ್ ಇದ್ದರೆ ಕಂಟ್ರೋಲ್ ಪ್ಯಾನೆಲ್‌ನಲ್ಲಿ ಚೇಂಜ್ ರೆಸಲ್ಯೂಶನ್‌ಗೆ ಹೋಗಿ, ಯೂಸ್ ಎನ್‌ವಿಡಿಯಾ ಕಲರ್ ಸೆಟ್ಟಿಂಗ್ಸ್ ಆರಿಸಿ, ಔಟ್‌ಪುಟ್ ಕಲರ್ ಫಾರ್ಮ್ಯಾಟ್ ಆರ್‌ಜಿಬಿ, ಔಟ್‌ಪುಟ್ ಡೈನಾಮಿಕ್ ರೇಂಜ್ ಫುಲ್ ಮಾಡಿ ಅಪ್ಲೈ ಕೊಡಿ. ಇದೇ ಪ್ಯಾನೆಲ್‌ನಲ್ಲಿ ವಿಡಿಯೊ ವಿಭಾಗದಡಿ ಅಡ್ಜಸ್ಟ್ ವಿಡಿಯೊ ಕಲರ್ ಸೆಟ್ಟಿಂಗ್ಸ್ ಎಂಬ ಇನ್ನೊಂದು ಜಾಗವಿದೆ, ಅದರ ಅಡ್ವಾನ್ಸ್‌ಡ್‌ನಲ್ಲೂ ಡೈನಾಮಿಕ್ ರೇಂಜ್ ಎಂದೇ ಬರೆದಿರುತ್ತದೆ. ಅಲ್ಲಿ ಬದಲಿಸಿದರೆ ಪ್ಲೇ ಆಗುವ ವಿಡಿಯೊಗಷ್ಟೇ ಪರಿಣಾಮ, ಡೆಸ್ಕ್‌ಟಾಪ್‌ಗೂ ಫೋಟೋಗೂ ಅಲ್ಲ. ಅರ್ಧ ಜನ ತಪ್ಪು ಮಾಡುವುದು ಇಲ್ಲೇ: ಒಂದರ ತಪ್ಪನ್ನು ಇನ್ನೊಂದರಿಂದ ಮುಚ್ಚಲು ಹೋಗಿ ಎರಡನ್ನೂ ಕೆಡಿಸುತ್ತಾರೆ. ಫೋಟೋ ಸರಿಯಿದ್ದು ವಿಡಿಯೊ ಮಾತ್ರ ಮಂಜಾಗಿದ್ದರೆ ಆಗ ಈ ಎರಡನೆಯ ಜಾಗಕ್ಕೆ ಹೋಗಿ 0–255 ಆರಿಸಿ. ಎಎಂಡಿಯಲ್ಲಿ ಅಡ್ರಿನಲಿನ್ ತೆರೆದು ಡಿಸ್‌ಪ್ಲೇ ಸೆಟ್ಟಿಂಗ್‌ನ ಪಿಕ್ಸೆಲ್ ಫಾರ್ಮ್ಯಾಟ್‌ನಲ್ಲಿ ಆರ್‌ಜಿಬಿ 4:4:4 ಪಿಸಿ ಸ್ಟ್ಯಾಂಡರ್ಡ್, ಅದೇ ಫುಲ್. ಸ್ಟುಡಿಯೊ ಎಂದಿರುವುದು ಲಿಮಿಟೆಡ್. ಸ್ಟುಡಿಯೊ ಎಂಬ ಹೆಸರು ನೋಡಿ ಫೋಟೋ ಸ್ಟುಡಿಯೊದವರು ಅದನ್ನೇ ಆರಿಸಬೇಡಿ. ಇಂಟೆಲ್‌ನಲ್ಲಿ ಗ್ರಾಫಿಕ್ಸ್ ಕಮಾಂಡ್ ಸೆಂಟರ್‌ನ ಡಿಸ್‌ಪ್ಲೇ ಪುಟದಲ್ಲಿ ಕ್ವಾಂಟೈಸೇಶನ್ ರೇಂಜ್. ಇಂಟೆಲ್ ಡ್ರೈವರ್ ಇರುವ ಲಿನಕ್ಸ್‌ನಲ್ಲಿ ಇದರ ಹೆಸರು ಬ್ರಾಡ್‌ಕಾಸ್ಟ್ ಆರ್‌ಜಿಬಿ. ಎಕ್ಸ್‌ಬಾಕ್ಸ್‌ನಲ್ಲಿ ಸ್ಟ್ಯಾಂಡರ್ಡ್ ಅಂದರೆ ಲಿಮಿಟೆಡ್, ಪಿಸಿ ಆರ್‌ಜಿಬಿ ಅಂದರೆ ಫುಲ್. ಟಿವಿಗೆ ಹಾಕಿದ್ದರೆ ಸ್ಟ್ಯಾಂಡರ್ಡ್ ಸಾಕು. ಸೆಟ್‌ಟಾಪ್ ಬಾಕ್ಸನ್ನು ಮುಟ್ಟಲೇಬೇಡಿ.

ಟಿವಿ ಕಡೆ ಹೆಸರುಗಳು ಕಂಪನಿಗೊಂದು. ಸ್ಯಾಮ್‌ಸಂಗ್‌ನ ಎಚ್‌ಡಿಎಂಐ ಬ್ಲ್ಯಾಕ್ ಲೆವೆಲ್‌ನಲ್ಲಿ ಲೋ ಅಂದರೆ ಲಿಮಿಟೆಡ್, ನಾರ್ಮಲ್ ಅಂದರೆ ಫುಲ್. ಎಲ್‌ಜಿಯ ಬ್ಲ್ಯಾಕ್ ಲೆವೆಲ್‌ನಲ್ಲಿ ಲೋ ಲಿಮಿಟೆಡ್, ಹೈ ಫುಲ್. ಸೋನಿಯಲ್ಲಿ ನೇರವಾಗಿ ಫುಲ್, ಲಿಮಿಟೆಡ್ ಎಂದೇ ಇದೆ. ಆ ಸಾಲು ಮಸುಕಾಗಿ ಒತ್ತಲು ಬಾರದಿದ್ದರೆ ಕಂಪ್ಯೂಟರ್ ವೈಸಿಬಿಸಿಆರ್ (ಬೆಳಕು, ಬಣ್ಣ ಬೇರೆ ಮಾಡಿ ಕಳಿಸುವ ವಿಡಿಯೊ ಬಗೆ) ಕಳಿಸುತ್ತಿರಬಹುದು, ಆರ್‌ಜಿಬಿಗೆ ಬದಲಿಸಿ ನೋಡಿ. ಟಿವಿಯಲ್ಲಿ ಈ ಆಯ್ಕೆಯೇ ಇಲ್ಲದಿದ್ದರೆ, ಅದು ಲಿಮಿಟೆಡ್ ಮಾತ್ರ ಓದುವುದಾದರೆ, ಹಟ ಮಾಡದೆ ಕಾರ್ಡನ್ನೇ ಲಿಮಿಟೆಡ್‌ಗೆ ಇಳಿಸಿ. 256 ಮೆಟ್ಟಿಲಿನ ಜಾಗದಲ್ಲಿ 220 ಸಿಗುತ್ತದೆ. ಮಾಂದಲಪಟ್ಟಿಯ ಮಂಜಿನ ಫೋಟೋಗಳಲ್ಲಿ ತೆಳುವಾದ ಪಟ್ಟಿಗಳು ಕಾಣಬಹುದು, ಆದರೆ ಕಪ್ಪು ಬಿಳುಪು ನಿಜವಾಗಿರುತ್ತದೆ. ಹೋಂಸ್ಟೇಯ ಹಾಲ್‌ಗೆ ಅದು ಧಾರಾಳ ಸಾಕು, ಆಲ್ಬಂ ಎಡಿಟಿಂಗಿಗೆ ಸಾಲದು.

ಬ್ರೈಟ್‌ನೆಸ್, ಕಾಂಟ್ರಾಸ್ಟ್ ತಿರುಗಿಸಿ ಸರಿದೂಗಿಸುವ ಅಭ್ಯಾಸ ಬಿಡಿ. ಮಂಜಾದ ಚಿತ್ರಕ್ಕೆ ಬ್ರೈಟ್‌ನೆಸ್ ಇಳಿಸಿದರೆ 16 ಕಪ್ಪಾದೀತು, ಬಿಳಿ ಮಾತ್ರ ಮಂಕಾಗಿಯೇ ಉಳಿದು ಮಧ್ಯದ ಮೈಬಣ್ಣಗಳು ಕಪ್ಪಿಡುತ್ತವೆ. ಮೊದಲ ಬಗೆಯ ತಪ್ಪಿನಲ್ಲಿ ಎಷ್ಟೋ ಟಿವಿಗಳು ತುದಿಯ ವಿವರವನ್ನು ಕತ್ತರಿಸಿಯೇ ಬಿಟ್ಟಿರುತ್ತವೆ, ಯಾವ ಗುಂಡಿಯೂ ಅದನ್ನು ವಾಪಸ್ ತರುವುದಿಲ್ಲ.

ಒಮ್ಮೆ ಸರಿ ಮಾಡಿದರೆ ಮುಗಿಯಿತು ಎಂದುಕೊಳ್ಳಬೇಡಿ. ಟಿವಿಯಲ್ಲಿ ಈ ಸೆಟ್ಟಿಂಗ್ ಸಾಮಾನ್ಯವಾಗಿ ಪೋರ್ಟಿಗೊಂದರಂತೆ ಉಳಿಯುತ್ತದೆ. ಎಚ್‌ಡಿಎಂಐ 1ರಿಂದ 2ಕ್ಕೆ ಬದಲಿಸಿದರೆ ಮತ್ತೆ ಮೊದಲಿನಿಂದ. ಡ್ರೈವರ್ ಅಪ್‌ಡೇಟ್ ಆದರೂ ಹಾರಿಹೋಗಬಹುದು. ಮಳೆಗಾಲದಲ್ಲಿ ಕರೆಂಟ್ ಹೋಗಿ ಬಂದಾಗ ಟಿವಿಗಿಂತ ಮೊದಲೇ ಕಂಪ್ಯೂಟರ್ ಎದ್ದರೆ ಟಿವಿಯ ಗುರುತು ಓದಲು ಸಿಗದೆ ಆಟೊ ಬೇರೆ ತೀರ್ಮಾನಕ್ಕೆ ಬರಬಹುದು. ಆದ್ದರಿಂದ ಆಟೊ ಬೇಡ, ಎರಡೂ ಕಡೆ ಕೈಯಾರೆ ಇಡಿ. ಮದುವೆ ಮಂಟಪಗಳಲ್ಲಿ ಒಂದು ಲೈವ್ ಫೀಡನ್ನು ನಾಲ್ಕು ಟಿವಿಗೆ ಹಂಚುವ ಸ್ಪ್ಲಿಟರ್ ಇದ್ದರೆ ಇನ್ನೂ ಹುಷಾರು. ಅದು ಒಂದು ಟಿವಿಯ ಗುರುತನ್ನಷ್ಟೇ ಮೇಲಕ್ಕೆ ಹೇಳುವುದುಂಟು, ಉಳಿದ ಮೂರರ ಪಾಡು ದೇವರಿಗೇ ಗೊತ್ತು. ಲಿಮಿಟೆಡ್ ಕಳಿಸಿ ನಾಲ್ಕೂ ಟಿವಿಗಳನ್ನು ಲಿಮಿಟೆಡ್‌ಗೆ ಇಡುವುದು ಕ್ಷೇಮ. ಓಬಿಎಸ್ ಎಂಬ ಲೈವ್ ತಂತ್ರಾಂಶದಲ್ಲಿ ಲೈವ್ ಕೊಡುವವರು ಅಡ್ವಾನ್ಸ್‌ಡ್ ಪುಟದ ಕಲರ್ ರೇಂಜನ್ನು ಲಿಮಿಟೆಡ್‌ನಲ್ಲೇ, ಕಲರ್ ಸ್ಪೇಸನ್ನು 709ರಲ್ಲೇ ಬಿಡಿ.

ಈಗಾಗಲೇ ತಪ್ಪು ಪರದೆಯಲ್ಲಿ ಎಡಿಟ್ ಮಾಡಿದ್ದರೆ ಪ್ರಿಂಟ್ ಆರ್ಡರ್ ತಡೆಹಿಡಿಯಿರಿ. ಲೈಟ್‌ರೂಮ್‌ನಂಥ ತಂತ್ರಾಂಶದಲ್ಲಿ ಮಾಡಿದ್ದರೆ ಮೂಲ ಫೋಟೋಗೆ ಏನೂ ಆಗಿಲ್ಲ. ಶ್ಯಾಡೋ, ಹೈಲೈಟ್, ಬ್ಲ್ಯಾಕ್ಸ್, ವೈಟ್ಸ್ ನಾಲ್ಕನ್ನೂ ಸೊನ್ನೆಗೆ ತಂದು ಸರಿಯಾದ ಪರದೆಯಲ್ಲಿ ಹೊಸದಾಗಿ ಇಡಿ. ಜೆಪಿಇಜಿಯ ಮೇಲೇ ಸೇವ್ ಮಾಡಿದ್ದರೆ ಕ್ಯಾಮೆರಾದ ಮೂಲ ರಾ ಫೈಲಿಗೆ ಮರಳುವುದೇ ದಾರಿ, ಅದಕ್ಕಾಗಿ ಆಲ್ಬಂ ಕೈಗೆ ಕೊಡುವವರೆಗೂ ಮೆಮೊರಿ ಕಾರ್ಡ್ ಫಾರ್ಮ್ಯಾಟ್ ಮಾಡಬೇಡಿ. ಕ್ಯಾಲಿಬ್ರೇಟರ್ (ಪರದೆಯ ಬಣ್ಣ ಅಳೆಯುವ ಉಪಕರಣ) ಇಟ್ಟುಕೊಂಡವರು ರೇಂಜ್ ತಪ್ಪಿದ್ದಾಗ ಮಾಡಿದ ಪ್ರೊಫೈಲನ್ನು ವಿಂಡೋಸ್‌ನ ಕಲರ್ ಮ್ಯಾನೇಜ್‌ಮೆಂಟ್‌ನಿಂದ ತೆಗೆದುಹಾಕಿ. ಇಲ್ಲದಿದ್ದರೆ ಸರಿಯಾದ ರೇಂಜಿನ ಮೇಲೂ ಹಳೆಯ ತಿದ್ದುಪಡಿ ಕೂತಿರುತ್ತದೆ. ಪರದೆಯನ್ನು ಅರ್ಧ ಗಂಟೆ ಬೆಚ್ಚಗಾಗಲು ಬಿಟ್ಟು, ಚೌಕಗಳ ಪರೀಕ್ಷೆ ಇನ್ನೊಮ್ಮೆ ಮಾಡಿ, ಆಮೇಲೆ ಹೊಸದಾಗಿ ಅಳೆಯಿರಿ.