ಏರ್ ರೈಫಲ್‌ಗೆ ‘ದೊಡ್ಡ ಬೇಟೆಯ ಸ್ಕೋಪ್’ ಕೊಡ್ತಾರೆ, ತಗೋಬೇಡಿ

ಕಲಬುರಗಿ, ಬೀದರ್ ಕಡೆ ಏರ್ ರೈಫಲ್ ಹಿಡಿದು ಗುರಿ ಕಲೀತಿರೋ ಹುಡುಗರಿಗೆ, ಅವರಿಗೆ ದುಡ್ಡು ಕೊಡೋ ಮನೆಯವರಿಗೆ ಈ ಬರಹ. ಸ್ಕೋಪ್ (ರೈಫಲ್ ಮೇಲೆ ಕೂರಿಸೋ ಗುರಿ ದುರ್ಬೀನು) ಕೇಳಿದಾಗ ಅಂಗಡಿಯವನು ‘ಇದು ದೊಡ್ಡ ಬೇಟೆ ರೈಫಲ್‌ದು ರೀ, ಅದರ ಹೊಡೆತಾನೇ ತಡೀತದ, ನಿಮ್ಮ ಏರ್‌ಗನ್ ಏನ್ ಲೆಕ್ಕ’ ಅಂದರೆ ಅಲ್ಲಿಂದ ಎದ್ದು ಬನ್ನಿ. ಇದೇ ಮಾತು ಹೇಳಿ ನಮ್ಮ ಹತ್ತಿರ 6,500 ರೂಪಾಯಿ ತಗೊಂಡಿದ್ದಾರೆ.

ನನ್ನ ಅಕ್ಕನ ಮಗನದು .177 (ನಳಿಗೆಯ ತೂತಿನ ಅಳತೆ, ಇಂಚಿನಲ್ಲಿ) ಸ್ಪ್ರಿಂಗ್ ರೈಫಲ್. ನಳಿಗೆ ಮಡಚಿ ಛರ್ರಾ (ಸಣ್ಣ ಗುಂಡು) ತುಂಬೋದು. ಅಂಗಡಿಯಲ್ಲಿ ನಾನು ಬಿಡಿಸಿ ಕೇಳಿದೆ, ಇದು ಸ್ಪ್ರಿಂಗ್ ಗನ್, ಇದಕ್ಕೆ ನಡೆಯುತ್ತಾ ಅಂತ. ‘ಹಂಡ್ರೆಡ್ ಪರ್ಸೆಂಟ್ ನಡೀತದ್ರಿ ಅಣ್ಣಾರ’ ಅಂದ. 3-9×40 ಸ್ಕೋಪ್, ಅಂದರೆ 3 ಪಟ್ಟಿನಿಂದ 9 ಪಟ್ಟಿನವರೆಗೆ ದೊಡ್ಡದು ಮಾಡಿ ತೋರಿಸೋದು, ಮುಂದಿನ ಗಾಜು 40 ಮಿಲಿಮೀಟರ್. ಗಾಜಿಗೆ ಮಾಣಿಕ್ಯದ ಹಾಗೆ ಕೆಂಪು ಹೊಳಪು. ಡಬ್ಬಿ ಮೇಲೆ ಕೊಂಬಿನ ಜಿಂಕೆ ಚಿತ್ರ. ನೋಡೋಕೆ ಭಾರಿ ಚೆನ್ನಾಗಿತ್ತು.

ಸೇಡಂ ರಸ್ತೆ ಕಡೆ ಪರಿಚಯದವರ ಹೊಲದಲ್ಲಿ, ತೊಗರಿ ಕೊಯ್ದಾದ ಮೇಲೆ, ಮಣ್ಣಿನ ಒಡ್ಡಿಗೆ ಕಾಗದ ಹಚ್ಚಿ ಹೊಡೀತಾನೆ. (ಕೆಲವರು ಫರ್ಸಿ ಕಲ್ಲು ನಿಲ್ಲಿಸಿ ಹೊಡೀತಾರೆ, ದಯವಿಟ್ಟು ಹಾಗೆ ಮಾಡಬೇಡಿ, ಛರ್ರಾ ತಿರುಗಿ ಕಣ್ಣಿಗೇ ಬರುತ್ತೆ.) ಶುರುವಿನಲ್ಲಿ ಎಲ್ಲ ಸರಿ ಇತ್ತು. ಆಮೇಲೆ ನೋಡಿ, ಜೂಮ್ 3ರಲ್ಲಿ ಇಟ್ಟು ಹೊಡೆದ ತೂತುಗಳು ಒಂದು ಕಡೆ, ಅದೇ ಗುರಿಗೆ 9ಕ್ಕೆ ತಿರುಗಿಸಿ ಹೊಡೆದ ತೂತುಗಳು ಎರಡು ಬೆರಳು ಬಲಕ್ಕೆ. ಮತ್ತೆ 3ಕ್ಕೆ ತಂದರೆ ಹಳೇ ಜಾಗಕ್ಕೂ ಬರಲಿಲ್ಲ. ಹುಡುಗ ತನ್ನ ಕೈಯೇ ಸರಿ ಇಲ್ಲ ಅಂದುಕೊಂಡು ಮುಖ ಸಣ್ಣ ಮಾಡಿಕೊಂಡ. ಸ್ಕ್ರೂ ಬಿಗಿ ಮಾಡಿದೆವು. ಮೌಂಟ್ (ಸ್ಕೋಪನ್ನು ರೈಫಲ್‌ಗೆ ಹಿಡಿದಿಡೋ ಹಿಡಿಕೆ) ಹಿಂದಕ್ಕೆ ಜಾರಿ ರೈಫಲ್ ಮೇಲೆ ಬೆಳ್ಳಗೆ ಗೀರು ಬಿದ್ದಿತ್ತು. ಕೊನೆಗೆ ಸ್ಕೋಪಿನೊಳಗೆ ಗುರಿಗೆ ಹೊಂದಿಸೋ ಅಡ್ಡಗೆರೆಯೇ ವಾರೆ ಆಯಿತು. ಬಿಚ್ಚಿ ಕಿವಿ ಹತ್ತಿರ ಅಲ್ಲಾಡಿಸಿದರೆ ಒಳಗೆ ಏನೋ ಗಿಲಿಗಿಲಿ ಅಂತಿತ್ತು.

ಇದು ಯಾಕೆ ಹೀಗೆ ಅಂತ ಆಮೇಲೆ ತಿಳಿದವರ ಹತ್ತಿರ ಕೂತು ಕೇಳಿದೆ. ಮದ್ದಿನ ರೈಫಲ್ ಎಷ್ಟೇ ದೊಡ್ಡದಿರಲಿ, ಅದರ ಒದೆತ ಹಿಂದಕ್ಕೆ. ಆ ಸ್ಕೋಪಿನ ಒಳಗಿನ ಗಾಜುಗಳನ್ನು ಆ ಒಂದು ಕಡೆಯ ಒದೆತಕ್ಕೆ ತಕ್ಕ ಹಾಗೆ ಕೂರಿಸಿರುತ್ತಾರೆ. ಸ್ಪ್ರಿಂಗ್ ಗನ್ನಿನಲ್ಲಿ ಗಾಳಿ ಒತ್ತೋ ಪಿಸ್ಟನ್ ಮುಂದಕ್ಕೆ ಹಾರುವಾಗ ಗನ್ ಹಿಂದಕ್ಕೆ ಸರಿಯುತ್ತೆ, ಪಿಸ್ಟನ್ ಹೋಗಿ ತುದಿಗೆ ಬಡಿದ ತಕ್ಷಣ ಗನ್ ಮುಂದಕ್ಕೆ ಜಗ್ಗುತ್ತೆ. ಕಣ್ಣು ಮಿಟುಕಿಸುವಷ್ಟರಲ್ಲಿ ಎರಡೂ ಕಡೆ ಏಟು. ದೊಡ್ಡ ರೈಫಲ್ ಮೇಲೆ ವರ್ಷಗಟ್ಟಲೆ ಬಾಳುವ ಸ್ಕೋಪ್ ಕೂಡ ಇದರ ಮೇಲೆ ಕೆಡಬಹುದು. ಅದಕ್ಕೇ ಸ್ಪ್ರಿಂಗ್ ಏರ್‌ಗನ್ನಿಗೆ ಅಂತಲೇ ಮಾಡಿದ ಸ್ಕೋಪ್ ಬೇರೆ ಇರುತ್ತೆ. ಜೊತೆಗೆ ಮೌಂಟ್ ಜಾರದಂತೆ ತಡೆಯುವ ಪಿನ್ನೂ ಬೇಕು. ಅಂಗಡಿಯವನಿಗೆ ಇದು ಗೊತ್ತಿಲ್ಲ ಅಂದರೆ ನಾನಂತೂ ನಂಬಲ್ಲ.

ಇನ್ನೊಂದು ವಿಷಯ ದೂರದ್ದು. ಬೇಟೆ ರೈಫಲ್ ಸ್ಕೋಪ್‌ಗಳನ್ನು ಸಾಮಾನ್ಯವಾಗಿ ಕಾರ್ಖಾನೆಯಲ್ಲೇ 100 ಗಜಕ್ಕೋ 150 ಗಜಕ್ಕೋ ಗುರಿ ಸರಿಯಾಗಿ ಕಾಣೋ ಹಾಗೆ ಹೊಂದಿಸಿರುತ್ತಾರೆ. ನಾವು ಹೊಡೆಯೋದು 15-20 ಮೀಟರಿಗೆ. ಅಷ್ಟು ಹತ್ತಿರಕ್ಕೆ 9ರಲ್ಲಿ ನೋಡಿದರೆ ಕಾಗದ ಮಸುಕು ಮಸುಕು, ತಲೆ ಸ್ವಲ್ಪ ಅಲ್ಲಾಡಿಸಿದರೆ ಅಡ್ಡಗೆರೆ ಗುರಿಯ ಮೇಲೆ ತೇಲುತ್ತೆ. 10 ಗಜದಿಂದಲೇ ಫೋಕಸ್ ತಿರುಗಿಸಿಕೊಳ್ಳೋ ರಿಂಗ್ ಇರೋದನ್ನೇ ಕೇಳಿ. ಜೂಮ್ ಜಾಸ್ತಿ ಇದ್ದಷ್ಟೂ ಒಳ್ಳೇದು ಅನ್ನೋದೂ ಸುಳ್ಳು. 40 ಮಿಲಿಮೀಟರ್ ಗಾಜನ್ನು 9ರಿಂದ ಭಾಗಿಸಿ, ಕಣ್ಣಿಗೆ ಬರೋ ಬೆಳಕಿನ ಬೊಟ್ಟು 4.4 ಮಿಲಿಮೀಟರ್. ಅದೇ ಗಾಜಿಗೆ 20 ಪಟ್ಟು ಜೂಮ್ ಆದರೆ ಬರೀ 2. ಸಂಜೆ ಹೊತ್ತು ಏನೂ ಕಾಣಲ್ಲ. ನಮ್ಮ ಬಿಸಿಲಲ್ಲಿ, ಏಪ್ರಿಲ್‌ನಲ್ಲಿ ಎರೆ ಹೊಲದ ಮೇಲೆ ಝಳ ಏಳೋವಾಗ, ಜೂಮ್ ಏರಿಸಿದಷ್ಟೂ ಗುರಿ ಕುಣಿಯುತ್ತೆ.

ಲೈಸೆನ್ಸ್ ಇರೋ .315 ಮದ್ದಿನ ರೈಫಲ್ ಇಟ್ಟುಕೊಂಡವರಿಗೂ ಒಂದು ಮಾತು. ಅದಕ್ಕೆ ಸ್ಕೋಪ್ ಹಾಕಿಸೋದಾದರೆ ಕಣ್ಣಿಗೂ ಗಾಜಿಗೂ ಮೂರೂವರೆ, ನಾಲ್ಕು ಇಂಚು ಅಂತರ ಇಟ್ಟು ನೋಡಿದರೂ ಪೂರ್ತಿ ಕಾಣಬೇಕು. ಕಡಿಮೆ ಇದ್ದರೆ ಒದೆತಕ್ಕೆ ಹುಬ್ಬು ಒಡೆಯುತ್ತೆ.

ಬೇಟೆ ಸ್ಕೋಪ್ ಅಂತ ಹೆಸರಿದೆ ಅಂತ ಯಾರೂ ಬೇಟೆ ಯೋಚನೆ ಮಾಡಬೇಡಿ. ಹೊಲದ ಕಾಕಾ ಮೊದಲ ದಿನವೇ ಹೇಳಿದರು, ‘ತಮ್ಮಾ, ಜಿಂಕಿ ಕಡಿ ಮಾತ್ರ ತಿರುಗಿಸಬ್ಯಾಡ’ ಅಂತ. 1972ರ ವನ್ಯಜೀವಿ ಕಾಯ್ದೆಯಲ್ಲಿ ಕೃಷ್ಣಮೃಗ ಮೊದಲನೇ ಪಟ್ಟಿಯಲ್ಲಿದೆ, ಹೊಡೆದರೆ 3ರಿಂದ 7 ವರ್ಷ ಜೈಲು. ಇಂಥ ಸಣ್ಣ ಏರ್‌ಗನ್ನಿಗೆ ಲೈಸೆನ್ಸ್ ಬೇಡ ಅಂದ ಮಾತ್ರಕ್ಕೆ ಹಕ್ಕಿಗೆ ಹೊಡೀಬಹುದು ಅಂತಲ್ಲ.

ತಗೊಳ್ಳೋದೇ ಆದರೆ ನಿಮ್ಮದು ಯಾವ ತರದ ಗನ್ ಅನ್ನೋದನ್ನು ಬಿಲ್ಲಿನಲ್ಲೇ ಬರೆಸಿ. ಡಬ್ಬಿ ಬಿಚ್ಚೋದರಿಂದ ವಿಡಿಯೋ ಮಾಡಿ. ವಾಪಸ್ ಕೊಡೋ ಗಡುವಿನ ಒಳಗೇ ಜೂಮ್ 3ರಲ್ಲೊಂದು ಗುಂಪು (ಒಂದೇ ಗುರಿಗೆ ಕೆಲವು ಛರ್ರಾ), 9ರಲ್ಲೊಂದು ಗುಂಪು, ಮತ್ತೆ 3ರಲ್ಲೊಂದು ಗುಂಪು ಒಂದೇ ಕಾಗದಕ್ಕೆ ಹೊಡೆದು ನೋಡಿ. ಮೂರೂ ಒಂದೇ ಕಡೆ ಬೀಳದಿದ್ದರೆ ಅವತ್ತೇ ವಾಪಸ್ ಒಯ್ಯಿರಿ. ನಮಗೆ ಅಂಗಡಿಯವನು ‘ಗನ್ನಿನ ತಪ್ಪು ರೀ, ಸ್ಕೋಪಿಂದಲ್ಲ’ ಅಂತ ಕೈ ತೊಳೆದುಕೊಂಡ. ಬಿಲ್ಲು, ಕಾಗದ, ವಿಡಿಯೋ ಎಲ್ಲ ಇದೆ. ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಟ್ಟಿದ್ದೇವೆ, ಅಲ್ಲಿ ಆಗದಿದ್ದರೆ ಜಿಲ್ಲಾ ಗ್ರಾಹಕ ಆಯೋಗ. ಅಲ್ಲಿಗೆ ಹೋಗೋಕೆ 2 ವರ್ಷ ಟೈಮ್ ಇರುತ್ತೆ, ಹಾಗಾಗಿ ಇದೇ ತರ ಮೋಸ ಹೋದವರು ಬಿಲ್ಲು ಹರಿದು ಹಾಕಬೇಡಿ.