ಕೆಂಡದ ಮೇಲೆ ಪರ್ಕೊಲೇಟರ್: ಹೊಲದ ಕಾಫಿಗೆ ಇದು ಬೇಕೇ?

ಆನ್‌ಲೈನ್ ಅಂಗಡಿಗಳಲ್ಲಿ ‘ಒಂಬತ್ತು ಕಪ್’ ಎಂದು ನಮೂದಿಸಿ ಮಾರುವ ಸ್ಟೇನ್‌ಲೆಸ್ ಸ್ಟೀಲ್ ಪರ್ಕೊಲೇಟರನ್ನು (ಒಲೆಯ ಮೇಲಿಟ್ಟು ಕಾಫಿ ಇಳಿಸುವ ಪಾತ್ರೆ) ಈ ಚಳಿಗಾಲದಲ್ಲಿ ಗದಗ ಜಿಲ್ಲೆಯ ಡಂಬಳದ ಸಮೀಪದ ಹೊಲದಲ್ಲಿ, ಗ್ಯಾಸ್ ಒಲೆಯ ಹಂಗಿಲ್ಲದೆ ಬರೀ ಕಟ್ಟಿಗೆಯ ಬೆಂಕಿಯ ಮೇಲೆ ಬಳಸಿದ್ದೇನೆ. ಡೇರೆ ಹಾಕಿ ರಾತ್ರಿ ಕಳೆಯುವ, ಹಾಲಿಲ್ಲದ ಕಾಫಿಯನ್ನು ಮೆಚ್ಚುವ ನಾಲ್ಕೈದು ಜನರ ಗುಂಪಿಗೆ ಇದು ಒಳ್ಳೆಯ ಪಾತ್ರೆ. ಹಾಲು ಬೆರೆಸಿದ ಗಟ್ಟಿ ಕಾಫಿಯೇ ಬೇಕೆನ್ನುವವರು, ಅಂದರೆ ನಮ್ಮ ಕಡೆಯ ಬಹುಪಾಲು ಕಾಫಿಪ್ರಿಯರು, ಇದಕ್ಕೆ ಹಣ ಹಾಕುವ ಅಗತ್ಯವಿಲ್ಲ.

ಒಲೆಯ ಮೇಲಿಡುವ ಈ ಬಗೆಯ ಪಾತ್ರೆಗೆ 1889ರಲ್ಲಿ ಅಮೆರಿಕದ ಇಲಿನಾಯ್ ರಾಜ್ಯದ ಹ್ಯಾನ್ಸನ್ ಗುಡ್‌ರಿಚ್ ಪೇಟೆಂಟ್ ಪಡೆದರು. ಅಂದಿನಿಂದ ಇದರ ರಚನೆ ಹೆಚ್ಚೇನೂ ಬದಲಾಗಿಲ್ಲ. ತಳದಲ್ಲಿ ನೀರು, ನಡುವೆ ನಿಂತ ಸಣ್ಣ ಕೊಳವೆ, ಕೊಳವೆಯ ಮೇಲ್ತುದಿಯ ಹತ್ತಿರ ತೂತುಗಳಿರುವ ಪುಡಿಯ ಬುಟ್ಟಿ. ತಳದ ನೀರು ಕುದಿಯತೊಡಗಿದಾಗ ಏಳುವ ಆವಿಯ ಗುಳ್ಳೆಗಳು ಕೊಳವೆಯ ಮೂಲಕ ನೀರನ್ನು ಮೇಲಕ್ಕೆ ತಳ್ಳುತ್ತವೆ, ಆ ನೀರು ಪುಡಿಯ ಮೇಲೆ ಬಿದ್ದು, ಸೋಸಿ ಕೆಳಗಿಳಿದು, ಮತ್ತೆ ಕುದಿದು ಮೇಲೇರುತ್ತದೆ. ಇದರ ಅನುಕೂಲವೂ ತೊಂದರೆಯೂ ಈ ಮರುಸುತ್ತಿನಲ್ಲೇ ಇವೆ. ಒಮ್ಮೆ ಇಳಿದ ಕಾಫಿಯೇ ಮತ್ತೆ ಮತ್ತೆ ಪುಡಿಯ ಮೂಲಕ ಹಾಯುವುದರಿಂದ, ಬೆಂಕಿ ಸ್ವಲ್ಪ ಜೋರಾದರೂ ಕಹಿ ಏರುತ್ತದೆ.

ಆದ್ದರಿಂದ ಈ ಪಾತ್ರೆಯ ಯೋಗ್ಯತೆಯನ್ನು ನಿರ್ಧರಿಸುವುದು ಬೆಂಕಿ. ಹತ್ತಿ ಬಿಡಿಸಿದ ಮೇಲೆ ಹೊಲದಲ್ಲಿ ಧಾರಾಳವಾಗಿ ಸಿಗುವ ಹತ್ತಿ ಕಟ್ಟಿಗೆ ಭಗ್ಗನೆ ಉರಿದು ಬೇಗ ಬೂದಿಯಾಗುತ್ತದೆ. ಅದರ ಜ್ವಾಲೆಯ ಮೇಲೆ ಪರ್ಕೊಲೇಟರ್ ಇಟ್ಟರೆ ಮುಚ್ಚಳದ ಗಾಜಿನ ಗುಬ್ಬಿಯೊಳಗೆ ಕಾಫಿ ಬಿಡುವಿಲ್ಲದೆ ಚಿಮ್ಮುತ್ತದೆ, ಪಾತ್ರೆಯ ಮೂತಿಯಿಂದ ಹೊರಗೂ ಚೆಲ್ಲುತ್ತದೆ. ಹತ್ತಿ ಕಟ್ಟಿಗೆಯನ್ನು ಬೆಂಕಿ ಹೊತ್ತಿಸಲು ಬಳಸಿ, ಅದರ ಮೇಲೆ ಬಳ್ಳಾರಿ ಜಾಲಿಯ ಒಣ ತುಂಡುಗಳನ್ನು ಪೇರಿಸಿ, ಅವು ಕೆಂಡವಾಗುವವರೆಗೆ ತಾಳ್ಮೆಯಿಂದ ಕಾಯುವುದೇ ಸರಿಯಾದ ಕ್ರಮ. ಜಾಲಿಯ ಕೆಂಡ ಬಹಳ ಹೊತ್ತು ಒಂದೇ ಸಮನೆ ಕಾವು ಕೊಡುತ್ತದೆ. ಸೀತನಿ (ಎಳೆ ಜೋಳದ ತೆನೆ) ಸುಡುವಾಗಿನ ಕುಳ್ಳಿನ (ಬೆರಣಿಯ) ಕೆಂಡವೂ ಕಾವಿನ ದೃಷ್ಟಿಯಿಂದ ಹಿತವಾದದ್ದೇ, ಆದರೆ ತೆರೆದ ಬಾಯಿಯ ಮೂಲಕ ಅದರ ಹೊಗೆಯ ವಾಸನೆ ಕಾಫಿಗೆ ಇಳಿಯುತ್ತದೆ; ಸೀತನಿಗೆ ಒಪ್ಪುವ ಆ ವಾಸನೆ ಕಾಫಿಗೆ ಒಪ್ಪುವುದಿಲ್ಲ. ಗಾಜಿನ ಗುಬ್ಬಿಯಲ್ಲಿ ಎರಡು ಮೂರು ಸೆಕೆಂಡಿಗೊಮ್ಮೆ ಒಂದು ಚಿಮ್ಮು ಕಾಣುವಷ್ಟು ಕಾವಿದ್ದರೆ ಸಾಕು. ಹಾಗೆ ಆರೇಳು ನಿಮಿಷ ಬಿಟ್ಟು, ಕೆಳಗಿಳಿಸಿ, ಬುಟ್ಟಿಯನ್ನು ಕೂಡಲೇ ತೆಗೆದುಬಿಡಬೇಕು. ಡಂಬಳದ ಬಳಿಯ ಕಪ್ಪತಗುಡ್ಡದ ಮೇಲೆ ಗಾಳಿಯಂತ್ರಗಳನ್ನು ಸುಮ್ಮನೆ ನಿಲ್ಲಿಸಿಲ್ಲ. ಆ ಸೆರಗಿನ ಹೊಲಗಳಲ್ಲಿ ಗಾಳಿ ಬರುವ ದಿಕ್ಕಿಗೆ ಎತ್ತರದ ಕಲ್ಲು ಅಡ್ಡವಿಡದಿದ್ದರೆ ಕಾವು ಒಂದೇ ಬದಿಗೆ ಹೋಗಿ ನೀರು ಕಾಯುವುದೇ ಇಲ್ಲ.

ಬೆಂಕಿಯ ಮಾತು ಬಂದದ್ದರಿಂದ ಇದನ್ನೂ ಹೇಳಬೇಕು. ಕಪ್ಪತಗುಡ್ಡ 2019ರಲ್ಲಿ ವನ್ಯಜೀವಿಧಾಮವೆಂದು ಘೋಷಣೆಯಾಗಿದೆ, ವನ್ಯಜೀವಿಧಾಮದೊಳಗೆ ಬೆಂಕಿ ಹಾಕುವುದು ಕಾನೂನಿಗೆ ವಿರುದ್ಧ. ಬೇಸಿಗೆಯ ಒಣ ಹುಲ್ಲಿಗೆ ಒಂದು ಕಿಡಿ ಸಾಕು. ಗುಡ್ಡದಿಂದ ದೂರದಲ್ಲಿ, ಪರಿಚಿತರ ಕಟಾವಾದ ಹೊಲದಲ್ಲಿ, ದಂಟು ಕೂಳೆ ಸರಿಸಿದ ಬರಿ ಎರೆಮಣ್ಣಿನ ಮೇಲೆ ಮೂರು ಕಲ್ಲು ಹೂಡುವುದು ಮರ್ಯಾದೆಯ ದಾರಿ.

ಪುಡಿಯ ವಿಷಯದಲ್ಲಿ ಈ ಪಾತ್ರೆ ಬಹಳ ಹಟಮಾರಿ. ನಮ್ಮ ಅಂಗಡಿಗಳಲ್ಲಿ ಸುಲಭವಾಗಿ ಸಿಗುವ ಫಿಲ್ಟರ್ ಪುಡಿ ನುಣ್ಣಗಿರುತ್ತದೆ, ಹೆಚ್ಚಾಗಿ ಚಿಕೋರಿಯೂ ಬೆರೆತಿರುತ್ತದೆ. ಅಂಥ ಪುಡಿ ಬುಟ್ಟಿಯ ತೂತುಗಳಿಂದ ಜಾರಿ ಲೋಟದ ತಳದಲ್ಲಿ ಕೆಸರಾಗಿ ನಿಲ್ಲುತ್ತದೆ. ಚಿಕೋರಿ ಮತ್ತೆ ಮತ್ತೆ ಕುದಿದು ಸುಟ್ಟ ಬೆಲ್ಲದ ಕಮಟು ಬಿಡುತ್ತದೆ. ಚಿಕೋರಿಯಿಲ್ಲದ ಚಿಕ್ಕಮಗಳೂರು ಅಥವಾ ಕೊಡಗಿನ ಬೀಜವನ್ನು ಸಣ್ಣ ರವೆಗಿಂತ ತುಸು ದಪ್ಪವಾಗಿ ಒಡೆಸಿಕೊಂಡು, ಲೀಟರ್ ನೀರಿಗೆ ಸುಮಾರು 55 ಗ್ರಾಮಿನಂತೆ ಹಾಕಿದಾಗ ಮಾತ್ರ ರುಚಿ ಸರಿಯಾಗುತ್ತದೆ. ಅಂದಹಾಗೆ, ಪರ್ಕೊಲೇಟರ್ ತಯಾರಕರ ‘ಕಪ್’ ಎಂದರೆ ಸುಮಾರು 150 ಮಿಲಿಲೀಟರ್. ನಮ್ಮ ದೊಡ್ಡ ಲೋಟಗಳ ಲೆಕ್ಕದಲ್ಲಿ ಒಂಬತ್ತು ಕಪ್ ಐದಾರು ಜನರಿಗೆ ಮುಗಿಯುತ್ತದೆ.

ಹಾಗೆ ಮಾಡಿದ ಕಾಫಿ ತೆಳ್ಳಗಿದ್ದರೂ ಘಮಘಮಿಸುತ್ತದೆ, ಚಳಿಯ ಮುಂಜಾವಿಗೆ ಹೇಳಿ ಮಾಡಿಸಿದಂತಿರುತ್ತದೆ. ಆದರೆ ಅದಕ್ಕೆ ಹಾಲು ಸೇರಿಸಿದ ಕೂಡಲೇ ಸೊಗಸೆಲ್ಲ ಕರಗಿ, ಬಣ್ಣದ ನೀರಷ್ಟೇ ಉಳಿಯುತ್ತದೆ. ಪುಡಿ ಹೆಚ್ಚಿಸಿದರೆ ಕಹಿ ಹೆಚ್ಚುತ್ತದೆಯೇ ಹೊರತು ಡಿಕಾಕ್ಷನ್ ಆಗುವುದಿಲ್ಲ. ಚಹಾವೇ ಮನೆಯ ಪೇಯವಾಗಿರುವ ಧಾರವಾಡದ ಸೀಮೆಯಲ್ಲಿ ಕಾಫಿಯನ್ನೂ ಹಾಲಿನೊಂದಿಗೇ ಬಯಸುವುದು ಸಹಜ. ಅಂಥವರು ಅಡುಗೆಮನೆಯ ಸ್ಟೀಲ್ ಫಿಲ್ಟರನ್ನೇ ಚೀಲಕ್ಕೆ ಹಾಕಿಕೊಳ್ಳಲಿ. ಬೆಂಕಿಯ ಮೇಲೆ ನೀರು ಮತ್ತು ಹಾಲು ಕಾಯಿಸಿ, ಫಿಲ್ಟರನ್ನು ಬೆಚ್ಚಗಿನ ಕಲ್ಲಿನ ಪಕ್ಕದಲ್ಲಿಟ್ಟು ಡಿಕಾಕ್ಷನ್ ಇಳಿಯಲು ಬಿಟ್ಟರೆ, ಪರ್ಕೊಲೇಟರ್ ಎಷ್ಟು ಹೆಣಗಿದರೂ ಕೊಡಲಾಗದ ಕಾಫಿ ಸಿಗುತ್ತದೆ. ಇಟಲಿಯ ಮೋಕಾ ಪಾತ್ರೆ ಗಟ್ಟಿ ಕಾಫಿ ಕೊಡುತ್ತದೆ, ನಿಜ. ಆದರೆ ಅದರ ರಬ್ಬರ್ ಬಳೆ ಮತ್ತು ಪ್ಲಾಸ್ಟಿಕ್ ಹಿಡಿಕೆ ಬಯಲಿನ ಬೆಂಕಿಗೆ ತಕ್ಕವಲ್ಲ.

ಕಟ್ಟುಮಸ್ತಿನ ಬಗ್ಗೆ ದೂರು ಕಡಿಮೆ. ಸ್ಟೀಲ್ ದಪ್ಪವಾಗಿದೆ, ಬೆಸುಗೆ ಸ್ವಚ್ಛವಾಗಿದೆ. ಪಕ್ಕದ ಹಿಡಿಕೆ ಮಾತ್ರ ಕೆಂಡದ ಕಾವಿಗೆ ಮುಟ್ಟಲಾಗದಷ್ಟು ಸುಡುತ್ತದೆ, ದಪ್ಪ ಬಟ್ಟೆ ಕೈಯಲ್ಲಿರಲೇಬೇಕು. ಬಕೆಟ್ಟಿನಂತೆ ಮೇಲೊಂದು ತಂತಿಯ ಹಿಡಿಕೆ ಕೊಟ್ಟಿದ್ದರೆ ಕೋಲಿನಿಂದ ಎತ್ತಿಕೊಳ್ಳಬಹುದಿತ್ತು. ಮಸಿಯ ಚಿಂತೆ ಬೇಡ: ಹಳ್ಳಿಯ ಒಲೆಗಳಿಗೆ ಪಾತ್ರೆ ಏರಿಸುವ ಮೊದಲು ಮಾಡುವಂತೆ ಹೊರಮೈಗೆ ಬೂದಿಯನ್ನು ನೀರಲ್ಲಿ ಕಲಸಿ ಬಳಿದರೆ ಕರಿ ತೊಳೆದಾಗ ಸಲೀಸಾಗಿ ಬಿಡುತ್ತದೆ. ಕೊಳ್ಳುವವರು ಗುಬ್ಬಿ ಗಾಜಿನದೋ ಪ್ಲಾಸ್ಟಿಕ್ಕಿನದೋ ಎಂಬುದನ್ನು ಖಚಿತಪಡಿಸಿಕೊಳ್ಳಬೇಕು, ಏಕೆಂದರೆ ಅಗ್ಗದ ಮಾದರಿಗಳ ಪ್ಲಾಸ್ಟಿಕ್ ಗುಬ್ಬಿ ಕಟ್ಟಿಗೆಯ ಜ್ವಾಲೆಗೆ ತಾಳುವುದಿಲ್ಲ. ಗುಬ್ಬಿ ಬಿಡಿಯಾಗಿ ಸಿಗುವ ಮಾದರಿಯಾದರೆ ಇನ್ನೂರು ಮುನ್ನೂರು ರೂಪಾಯಿ ಹೆಚ್ಚಾದರೂ ಅದನ್ನೇ ಕೊಳ್ಳುವುದು ಲೇಸು.