ಎಲೆ ಅಡಿಕೆ ಸಂಚಿಯಲ್ಲಿ ಹಿಡಿಸುವ ಹಾಜರಿ ಪುಸ್ತಕ

ದಾವಣಗೆರೆಯಲ್ಲಿ ಹದಿನಾಲ್ಕು ವರ್ಷದಿಂದ ಗಾರೆ ಕೆಲಸಕ್ಕೆ ಹೋಗುತ್ತಿದ್ದೇನೆ. ಬಾಂಡ್ಲಿ ಹೊರುವುದು, ಮರಳು ಜರಡಿ ಹಿಡಿಯುವುದು, ಹೊಸ ಗೋಡೆಗೆ ನೀರು ಹೊಡೆಯುವುದು ನನ್ನ ಕೆಲಸ. ಊರಿನ ಕಟ್ಟಡ ಕಾರ್ಮಿಕರ ಸಂಘವೊಂದು ಪ್ರತಿ ಭಾನುವಾರ ಸರ್ಕಾರದ ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಳಿಗೆ ನೋಂದಣಿ ಮಾಡಿಸಿಕೊಡುತ್ತದೆ. ಎರಡು ವರ್ಷ ಅಲ್ಲಿಗೆ ಹೋಗಿ ಬಂದ ಮೇಲೆ ಇದನ್ನು ಬರೆಯುತ್ತಿದ್ದೇನೆ.

ನಾನು ಅಲ್ಲಿಗೆ ಹೋದದ್ದು ನನ್ನ ಗಂಡನ ದೆಸೆಯಿಂದ. ಅವರು ಸೆಂಟ್ರಿಂಗ್ ಕೆಲಸದವರು. ಒಂದು ಮಳೆಗಾಲದಲ್ಲಿ ಎರಡನೇ ಅಂತಸ್ತಿನ ಸಾರುವೆಯಿಂದ ಬಿದ್ದು ಸೊಂಟ ಮುರಿದುಕೊಂಡರು. ಗುತ್ತಿಗೆದಾರ ಮೊದಲ ದಿನ ಆಸ್ಪತ್ರೆಗೆ ಬಂದು ಎರಡು ಸಾವಿರ ಕೊಟ್ಟ. ಮೂರನೆಯ ದಿನ, ‘ಆ ಮನುಷ್ಯ ನನ್ನ ಆಳೇ ಅಲ್ಲ’ ಎಂದ. ಐದು ತಿಂಗಳು ಅದೇ ಕಟ್ಟಡದಲ್ಲಿ ದುಡಿದಿದ್ದರು! ಆದರೆ ಹಾಜರಿ ಬರೆಯುತ್ತಿದ್ದ ಪುಸ್ತಕ ಅವನ ಮನೆಯಲ್ಲಿತ್ತು, ಶನಿವಾರದ ಬಟವಾಡೆ ನೋಟಿನಲ್ಲಿ ಕೈಗೆ ಬರುತ್ತಿತ್ತು. ಅವರು ಅಲ್ಲಿ ದುಡಿದರೆಂದು ತೋರಿಸಲು ನಮ್ಮಲ್ಲಿ ಒಂದು ಚೀಟಿಯೂ ಇರಲಿಲ್ಲ.

ಸಂಘದವರು ಸದಸ್ಯರಾದ ಕೂಡಲೇ ಕೊಡುವುದು ಹಸಿರು ರಟ್ಟಿನ ಚಿಕ್ಕ ಪುಸ್ತಕ. ಎಲೆ ಅಡಿಕೆ ಸಂಚಿಯಲ್ಲಿ ಹಿಡಿಸುತ್ತದೆ. ದಿನಾಂಕ, ಕೆಲಸದ ಜಾಗ, ಮಾಲೀಕರ ಹೆಸರು, ಮೇಸ್ತ್ರಿಯ ಹೆಸರು, ಕೂಲಿ, ಹೆಚ್ಚು ಹೊತ್ತು ದುಡಿದಿದ್ದರೆ ಅದು. ಬಟವಾಡೆಯ ದಿನ ಮೇಸ್ತ್ರಿಯ ಸಹಿ ಹಾಕಿಸಬೇಕು. ಹಾಕುವುದಿಲ್ಲ ಎಂದರೆ ಸಂಘದ ಇಬ್ಬರು ಸಂಜೆ ಕೆಲಸದ ಜಾಗಕ್ಕೇ ಬರುತ್ತಾರೆ. ನನ್ನ ವಿಷಯದಲ್ಲಿ ಎರಡು ಸಲ ಬಂದರು. ಜಗಳವಾಡಲಿಲ್ಲ, ಸಹಿ ಬೀಳುವ ತನಕ ಕದಲಲೂ ಇಲ್ಲ. ಕಳೆದ ವರ್ಷ ಒಬ್ಬ ಮೇಸ್ತ್ರಿ ಹನ್ನೊಂದು ದಿನದ ಕೂಲಿ ಉಳಿಸಿಕೊಂಡು, ಬಂದದ್ದು ಏಳೇ ದಿನ ಎಂದು ವಾದಿಸಿದ. ಪುಸ್ತಕ ತೆಗೆದು ಅವನದೇ ಸಹಿ ತೋರಿಸಿದೆ. ಮರುದಿನ ಬೆಳಿಗ್ಗೆ ಪೂರ್ತಿ ಹಣ ಕೈಗೆ ಬಂತು.

ಮಂಡಳಿಯ ಕಾರ್ಡಿಗೂ ಈ ಪುಸ್ತಕವೇ ಆಧಾರವಾಯಿತು. ಹಿಂದಿನ 12 ತಿಂಗಳಲ್ಲಿ 90 ದಿನವಾದರೂ ಕಟ್ಟಡದ ಕೆಲಸ ಮಾಡಿದ, 18ರಿಂದ 60 ವರ್ಷದೊಳಗಿನವರು ನೋಂದಾಯಿಸಿಕೊಳ್ಳಬಹುದು. ಆ 90 ದಿನವನ್ನು ಯಾರಾದರೂ ದೃಢೀಕರಿಸಬೇಕಲ್ಲ? ನಾಲ್ಕು ಕಡೆ ಕೆಲಸ ಮಾಡಿದವಳಿಗೆ ಯಾವ ಮಾಲೀಕ ಬರೆದುಕೊಟ್ಟಾನು? ಸಂಘದವರು ನನ್ನ ಪುಸ್ತಕದ ಪುಟಗಳನ್ನು ಒಂದೊಂದಾಗಿ ಎಣಿಸಿದರು, ಇಬ್ಬರು ಮೇಸ್ತ್ರಿಗಳಿಗೆ ಫೋನ್ ಮಾಡಿದರು, ಆಮೇಲೆ ಮೊಹರು ಒತ್ತಿದರು.

ಕಾರ್ಡು ಸುಲಭವಾಗಿ ಸಿಗುತ್ತದೆಂದು ಅಲ್ಲಿಗೆ ಹೋಗುವವರಿಗೆ ಒಂದು ಮಾತು. ನನ್ನ ಮುಂದೆ ಸಾಲಿನಲ್ಲಿ ಬಟ್ಟೆ ಅಂಗಡಿಯವನೊಬ್ಬ ನಿಂತಿದ್ದ. ಮೇಜಿನ ಹಿಂದಿದ್ದ ಹಿರಿಯರು ಮೋಲ್ಡ್ ಹಾಕುವ ದಿನ ಒಂದು ಪಾಲು ಸಿಮೆಂಟಿಗೆ ಮರಳೆಷ್ಟು, ಜಲ್ಲಿ ಎಷ್ಟು ಎಂದು ಕೇಳಿದರು. ಅವನು ತಡವರಿಸಿದ. ನನ್ನ ಹಿಂದಿದ್ದ ಹುಡುಗಿ ‘ಒಂದಕ್ಕೆ ಎರಡು, ನಾಲ್ಕು’ ಎಂದುಬಿಟ್ಟಳು. ಅವನಿಗೆ ಅರ್ಜಿ ವಾಪಸು ಸಿಕ್ಕಿತು. ದುಡ್ಡು ಕೊಟ್ಟರೆ ಏನನ್ನೂ ಕೇಳದೆ ಕಾರ್ಡು ಮಾಡಿಸಿಕೊಡುತ್ತೇನೆಂದ ಕಂಪ್ಯೂಟರ್ ಅಂಗಡಿಯವನೊಬ್ಬನನ್ನೂ ನಾನು ಕಂಡಿದ್ದೇನೆ. ನಕಲಿ ಕಾರ್ಡುಗಳು ಹೆಚ್ಚಿದಷ್ಟೂ ಸರ್ಕಾರ ನಿಜವಾದ ಕೂಲಿಯವರನ್ನೇ ಅನುಮಾನದಿಂದ ನೋಡುತ್ತದೆ. ಹಿರಿಯರ ಆ ಪ್ರಶ್ನೆ ಅವಮಾನವಲ್ಲ, ನಮ್ಮ ಕಾವಲು.

ಸರತಿ ಬರುವ ತನಕ ಅವರು ಮಾತನಾಡುತ್ತಲೇ ಇರುತ್ತಾರೆ. ನಾನು ಕಲಿತದ್ದೆಲ್ಲ ಅಲ್ಲಿಯೇ. ಕಟ್ಟಡ ಕಟ್ಟಿಸುವವರು ನಿರ್ಮಾಣ ವೆಚ್ಚದ ಶೇ 1ರಷ್ಟು ಕಟ್ಟುವ ಸೆಸ್ ಎಂಬ ತೆರಿಗೆ ಕಾರ್ಮಿಕರಿಗೆಂದೇ ಹೋಗುತ್ತದೆ ಎಂಬುದು ನನಗೆ ಗೊತ್ತೇ ಇರಲಿಲ್ಲ. ಇದರ ಕಾಯ್ದೆ ಬಂದದ್ದು 1996ರಲ್ಲಿ, ನಮ್ಮ ರಾಜ್ಯದಲ್ಲಿ ಮಂಡಳಿ ಆದದ್ದು 2007ರಲ್ಲಿ. ಸೆಸ್ ಹಣ ಸರಿಯಾಗಿ ಕೂಡುತ್ತಿಲ್ಲ, ಕೂಡಿದ್ದು ಕಾರ್ಮಿಕರಿಗೆ ತಲುಪುತ್ತಿಲ್ಲ ಎಂದು ಕಾರ್ಮಿಕರ ಪರವಾದ ರಾಷ್ಟ್ರೀಯ ಸಮಿತಿ 2006ರಲ್ಲಿ ಸುಪ್ರೀಂ ಕೋರ್ಟಿಗೆ ಹೋಯಿತು, ತೀರ್ಪು ಬರುವಾಗ 2018. ನನ್ನ ಗಂಡ ಬಿದ್ದ ಕಟ್ಟಡಕ್ಕೂ ಮಾಲೀಕರು ಸೆಸ್ ಕಟ್ಟಿದ್ದರಂತೆ. ಕಟ್ಟಡ ಸರ್ಕಾರದ ಲೆಕ್ಕದಲ್ಲಿತ್ತು, ಅದರಿಂದ ಬಿದ್ದವರು ಇರಲಿಲ್ಲ. ಅದನ್ನು ಕೇಳಿದ ದಿನ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಕೊರತೆಗಳನ್ನೂ ಹೇಳುತ್ತೇನೆ. ಪುಸ್ತಕ ಕನ್ನಡದಲ್ಲಿ ಮಾತ್ರ ಇದೆ. ಬಿಹಾರದಿಂದ, ಬಂಗಾಳದಿಂದ ಬಂದ ಹುಡುಗರು ನಮ್ಮ ಜೊತೆಯಲ್ಲೇ ಸಾರುವೆ ಹತ್ತುತ್ತಾರೆ, ಅವರ ಕೈಗೆ ಅದನ್ನು ಕೊಟ್ಟು ಏನು ಪ್ರಯೋಜನ? ಹಿಂದಿಯಲ್ಲಿ ಅಚ್ಚು ಹಾಕಿಸಿ ಎಂದು ಮೂರು ಸಲ ಕೇಳಿದ್ದೇನೆ. ಹೆಣ್ಣಾಳಿಗೂ ಗಂಡಾಳಿಗೂ ಕೂಲಿಯಲ್ಲಿರುವ ಅಂತರ ಆ ಪುಸ್ತಕದ ಪುಟಪುಟದಲ್ಲೂ ಕಾಣುತ್ತದೆ, ಸಂಘ ಅದನ್ನು ಹಿಡಿದು ಕೇಳಿದ್ದನ್ನು ನಾನಿನ್ನೂ ನೋಡಿಲ್ಲ. ನವೀಕರಣದ ದಿನ ಹತ್ತಿರವಾದರೆ ಯಾರೂ ನೆನಪಿಸುವುದಿಲ್ಲ. ಸರ್ವರ್ ಕೈಕೊಟ್ಟ ಭಾನುವಾರ ಒಂದು ಗಂಟೆಯ ತನಕ ಕೂತು ಬರಿಗೈಯಲ್ಲಿ ಮರಳಬೇಕು.

ಹೋಗುವವರು ಹತ್ತು ಗಂಟೆಗೆ ಮುಂಚೆ ಹೋಗಿ. ಆಧಾರ್, ಬ್ಯಾಂಕ್ ಪುಸ್ತಕ, ಆಧಾರ್‌ಗೆ ಜೋಡಿಸಿದ ಮೊಬೈಲ್ ಒಯ್ಯಿರಿ. ಸದಸ್ಯತ್ವದ ಹಣಕ್ಕೆ ರಸೀದಿ ಕೊಡುತ್ತಾರೆ, ಅದಕ್ಕಿಂತ ಒಂದು ರೂಪಾಯಿ ಹೆಚ್ಚು ನನ್ನಿಂದ ಯಾರೂ ಕೇಳಿಲ್ಲ.

ಕಚೇರಿ ಮೊದಲ ಮಹಡಿಯಲ್ಲಿದೆ, ಮೆಟ್ಟಿಲು ಕಡಿದು. ನನ್ನ ಗಂಡನಿಗೆ ಹತ್ತಲಾಗುವುದಿಲ್ಲ. ಅವರ ಪರಿಹಾರದ ಅರ್ಜಿ ಇನ್ನೂ ನಡೆಯುತ್ತಿದೆ. ಅದೇ ಕಟ್ಟಡದಲ್ಲಿ ದುಡಿದ ಇಬ್ಬರನ್ನು ಸಂಘದವರು ಹುಡುಕಿ ಹೇಳಿಕೆ ಬರೆಸಿದ್ದಾರೆ. ಸಹಿ ಬೇಕಾದಾಗಲೆಲ್ಲ ಆ ಹಿರಿಯರೇ ಕಾಗದ ಹಿಡಿದು ಕೆಳಗಿಳಿದು, ಚಹಾ ಅಂಗಡಿಯ ಬೆಂಚಿನ ಮೇಲೆ ಇವರ ಪಕ್ಕದಲ್ಲಿ ಕೂತು ಪೂರ್ತಿ ಓದಿ ಹೇಳುತ್ತಾರೆ.